ಕರಿ ಅಂಗಳದ ಓರೆ ತೇಪೆ

"ಇನ್ನೊಂದು ಕೊಡ ಸುರೀರಿ," ಅಂದಳು ಪಿಎಸ್‌ಐ ಮೌನೇಶ್ವರಿ.

ಪೇದೆ ನಾಲ್ಕನೆಯ ಕೊಡ ಬಗ್ಗಿಸಿದ. ನೀರು ಕರಿ ಅಂಗಳಕ್ಕೆ ಬಿದ್ದದ್ದೇ ತಡ, ಬಿಸಿ ಹಬೆ ಎದ್ದು ಡಾಂಬರಿನ ವಾಸನೆ ಮೂಗಿಗೆ ಬಡಿಯಿತು. ಮೇ ತಿಂಗಳು, ಮಾನ್ವಿಯ ಬಿಸಿಲು, ಮಧ್ಯಾಹ್ನ ಎರಡೂವರೆ. ನಾಯಿ ಕೂಡ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ ಪೊಲೀಸರು ಸಾಹುಕಾರರ ಅಂಗಳ ತೊಳೆಯುತ್ತಿದ್ದಾರೆಂದು ಕಾಂಪೌಂಡಿನ ಆಚೆ ಹತ್ತಾರು ತಲೆಗಳು ಇಣುಕುತ್ತಿದ್ದವು.

ನೀರು ಮೆಟ್ಟಿಲ ಕಡೆಯಿಂದ ಗೇಟಿನ ಕಡೆಗೆ ಇಳಿಜಾರು ಹಿಡಿದು ಹರಿಯಿತು. ಅಂಗಳದ ನಡುವೆ ಬಂದಾಗ ಅದರಲ್ಲಿ ಒಂದಿಷ್ಟು ಅಲ್ಲೇ ನಿಂತಿತು. ಮುಂದೆ ಹೋಗಲೇ ಇಲ್ಲ.

ಮೌನೇಶ್ವರಿ ಟೋಪಿ ತೆಗೆದು ಬಗ್ಗಿ ಕೂತಳು. ನಿಂತ ನೀರಿಗೆ ಅಂಚಿತ್ತು. ಗುಂಡಗಲ್ಲ, ಅಡ್ಡಾದಿಡ್ಡಿಯಲ್ಲ, ನೆಟ್ಟಗೆ ನಾಲ್ಕು ಬದಿ. ಆರಡಿ ಉದ್ದ, ನಾಲ್ಕಡಿ ಅಗಲ.

ಇಲ್ಲಿ ಯಾರೋ ಡಾಂಬರು ಕಿತ್ತಿದ್ದಾರೆ, ಮತ್ತೆ ತೇಪೆ ಹಾಕಿ ಮುಚ್ಚಿದ್ದಾರೆ. ಹೋದ ವಾರ ಇಡೀ ಅಂಗಳಕ್ಕೆ ಕರಿ ಲೇಪ ಬಳಿಸಿ ಆ ತೇಪೆ ಕಣ್ಣಿಗೆ ಬೀಳದಂತೆ ಮಾಡಿದ್ದಾರೆ. ಲೇಪ ಬಳಿಸುವುದು ಎರಡು ಮೂರು ವರ್ಷಕ್ಕೊಮ್ಮೆ, ಬಿರುಕು ಕಂಡ ಮೇಲೆ. ಮೂರು ತಿಂಗಳು ತುಂಬದ ಡಾಂಬರಿಗೆ ಯಾವ ಜಾಣ ಬಳಿಸುತ್ತಾನೆ? ಅಲ್ಲಿಗೇ ಅವಳಿಗೆ ಅನುಮಾನ ಹತ್ತಿತ್ತು. ಬಣ್ಣಕ್ಕೆ ಕಣ್ಣು ಮೋಸ ಹೋದೀತು, ನೀರು ಮೋಸ ಹೋಗುವುದಿಲ್ಲ.

ಈ ಮನೆಯ ಕಾರಿನ ಚಾಲಕ ಯಲ್ಲಾಲಿಂಗ ಶಿವರಾತ್ರಿಯ ಮರುದಿನದಿಂದ ಕಾಣೆಯಾಗಿ ಇವತ್ತಿಗೆ ಎಂಬತ್ತೇಳು ದಿನ. ಅವನ ಫೋನು ಆರಿಹೋದದ್ದು ಇದೇ ಅಂಗಳದಲ್ಲಿ. ಅದಾದ ಎರಡನೆಯ ದಿನ ಇಲ್ಲಿ ಖಡಿ ಹರಡಿ, ರೋಲರ್ ಓಡಿಸಿ, ಡಾಂಬರು ಹಾಕಿದರು.

ಈ ಸೀಮೆಯಲ್ಲಿ ಮನೆ ಮುಂದೆ ಫರಸಿ ಕಲ್ಲು ಹಾಸುತ್ತಾರೆ, ಇಲ್ಲವೇ ಸಿಮೆಂಟು ಬಳಿಯುತ್ತಾರೆ. ಬಿಸಿಲಿಗೆ ಬೆಲ್ಲದಂತೆ ಮೆತ್ತಗಾಗುವ ಡಾಂಬರನ್ನು ಬಾಗಿಲ ತನಕ ಕರೆತರುವ ಹುಚ್ಚು ಸಿರವಾರದ ಅಕ್ಕಿ ಗಿರಣಿ ಸಾಹುಕಾರ ವಿರೂಪಣ್ಣನಿಗೆ ಬಿಟ್ಟರೆ ಯಾರಿಗೂ ಬಂದದ್ದಿಲ್ಲ. ಅದೂ ಅಷ್ಟು ಅವಸರದಲ್ಲಿ.

ತಹಸೀಲ್ದಾರರು ಕೊಟ್ಟ ಅಪ್ಪಣೆ ಒಂದೇ ಗುಂಡಿಗೆ. ಆರಡಿ ಆರಡಿ. ಅದರಲ್ಲಿ ಏನೂ ಸಿಗದಿದ್ದರೆ ಹುಡುಗ ಊರು ಬಿಟ್ಟು ಓಡಿದನೆಂದು ಬರೆದು ಕಡತ ಮುಚ್ಚಬೇಕು. ಎಂಬತ್ತು ಅಡಿ ಉದ್ದದ ಅಂಗಳದಲ್ಲಿ ಆ ಒಂದು ಗುಂಡಿ ಎಲ್ಲಿ ಎಂದು ಮೂರು ದಿನದಿಂದ ಅವಳಿಗೆ ನಿದ್ದೆಯಿರಲಿಲ್ಲ. ಈಗ ನಾಲ್ಕು ಕೊಡ ನೀರು ಅದನ್ನು ಬೆರಳು ಮಾಡಿ ತೋರಿಸಿತ್ತು.

ಕುಣಿದಾಡಬೇಕಿತ್ತು ಅವಳು. ಆದರೆ ಮತ್ತೊಮ್ಮೆ ಬಗ್ಗಿ ಆ ಅಂಚುಗಳನ್ನು ನೋಡಿದಳು.

ತೇಪೆ ಓರೆಯಾಗಿತ್ತು.

ಲೋಕದಲ್ಲಿ ಎಲ್ಲರೂ ತೇಪೆಯನ್ನು ದಾರಿಗೆ ಸರಿಯಾಗಿ ಕತ್ತರಿಸುತ್ತಾರೆ, ಎರಡು ಅಂಚು ಉದ್ದಕ್ಕೆ, ಎರಡು ಅಂಚು ಅಡ್ಡಕ್ಕೆ. ಇದು ಹಾಗಿರಲಿಲ್ಲ. ಒಂದು ಮೂಲೆ ಗೇಟಿನ ಕಡೆ, ಒಂದು ಮೂಲೆ ಮೆಟ್ಟಿಲ ಕಡೆ.

"ಗಾಲಿ ಒಮ್ಮೆಲೆ ಏರಬಾರದವ್ವಾ. ಮೂಲಿಯಿಂದ ಏರಬೇಕು. ಇಲ್ಲಾಂದ್ರ ಅಂಚು ಒಡೀತದ."

ಆ ಮಾತು ಅವಳಪ್ಪ ಗಡಿಗೆಪ್ಪನದು. ಮೂವತ್ತು ವರ್ಷ ರಸ್ತೆ ಗ್ಯಾಂಗಿನಲ್ಲಿ ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು ಕುದಿಯುವ ಡಾಂಬರು ಸುರಿದವನು. ಜೊತೆಗಾರರು ನಕ್ಕು 'ಗಡಿಗೆಪ್ಪನ ಓರಿ' ಎಂದು ಹೆಸರಿಟ್ಟರೂ ಅವನು ತನ್ನ ಪದ್ಧತಿ ಬಿಡಲಿಲ್ಲ. ಚಿಕ್ಕವಳಿದ್ದಾಗ ಮೌನೇಶ್ವರಿ ರಾಯಚೂರಿನಿಂದ ದೇವದುರ್ಗದ ತನಕ ಬಸ್ಸಿನ ಕಿಟಕಿಯಲ್ಲಿ ತಲೆಯಿಟ್ಟು ಅಪ್ಪನ ಓರೆ ತೇಪೆಗಳನ್ನು ಎಣಿಸುತ್ತಿದ್ದಳು. ಹಾಗೆ ಕತ್ತರಿಸುವ ಇನ್ನೊಬ್ಬನನ್ನು ಅವಳು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಆದರೆ ಅಪ್ಪನ ತೇಪೆ ಕುಸಿಯುವುದಿಲ್ಲವಲ್ಲ! ತಳದ ತನಕ ತೋಡಿ, ಗೇಣಿಗೊಮ್ಮೆ ಮಣ್ಣು ಹಾಕಿ, ದಿಮ್ಮಸಿನಿಂದ ಬಡಿದು ಬಡಿದು ಕಲ್ಲು ಮಾಡಿದ ಮೇಲೇ ಅವನು ಡಾಂಬರು ಮುಟ್ಟುವುದು. ಅವನು ಮುಚ್ಚಿದ ಗುಂಡಿಯ ಮೇಲೆ ಹನಿ ನೀರು ನಿಂತದ್ದಿಲ್ಲ. ಇಲ್ಲಿ ಬೊಗಸೆಗಟ್ಟಲೆ ನಿಂತಿದೆ. ಇದು ಅಪ್ಪನದಲ್ಲ. ಅವಳು ಆ ಒಂದು ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಜ್ಜಿಗಿ ತಗೋರಿ ಮೇಡಂ. ಬಿಸಲಾಗ ಎಷ್ಟೊತ್ತು ಕುಂದರ್ತೀರಿ?"

ವಿರೂಪಣ್ಣನ ಹೆಂಡತಿ ಶರಣಮ್ಮ ತಂಬಿಗೆ ಹಿಡಿದು ಮೆಟ್ಟಿಲಿಳಿದಳು. ಬರಿಗಾಲು. ನೇರ ಬಂದಿದ್ದರೆ ಹತ್ತು ಹೆಜ್ಜೆ. ಆಕೆ ಗೋಡೆಯಂಚು ಹಿಡಿದು, ಸುತ್ತು ಬಳಸಿ, ನೀರು ನಿಂತ ಜಾಗವನ್ನು ದೂರವಿಟ್ಟು ಬಂದಳು. ಸುಡುವ ಡಾಂಬರಿನ ಮೇಲೆ ಯಾರಾದರೂ ದೂರದ ದಾರಿ ಹಿಡಿಯುತ್ತಾರೆಯೇ?

"ಯಾಕ ಶರಣಮ್ಮಾರ, ಸುತ್ತು ಹಾಕಿ ಬಂದ್ರಿ?"

"ಅಲ್ಲಿ ತುಳೀಬ್ಯಾಡ, ಹಸಿ ಅದ ಅಂದಾರ್ರಿ ಯಜಮಾನ್ರು."

"ಯಾವಾಗ ಅಂದಾರ?"

"ಆವಾಗರೀ. ಶಿವರಾತ್ರಿ ಆಗಿ ಎಂಟು ಹತ್ತು ದಿನಕ್ಕ."

"ಅದು ಒಣಗಿ ಮೂರು ತಿಂಗಳಾತಲ್ರಿ."

ಶರಣಮ್ಮ ಪೆಚ್ಚಾಗಿ ನಕ್ಕಳು. "ತುಳಿ ಅಂತ ಅವರು ಮತ್ತ ಹೇಳಿಲ್ರಿ."

ತಂಬಿಗೆ ಕೊಡುವಾಗ ಆಕೆಯ ಕೈಬಳೆ ಝಲ್ಲೆಂದವು. ಹಸಿರು ಗಾಜು, ನಡುನಡುವೆ ಬಂಗಾರದ ಚುಕ್ಕಿ.

"ಬಳಿ ಚಂದ ಅದಾವ," ಅಂದಳು ಮೌನೇಶ್ವರಿ, ಮಾತು ಬೆಳೆಸಲು.

"ನಮ್ಮ ಸೊಸಿ ವಿಜಯಶ್ರೀ ಆರಿಸಿದ್ದರೀ. ಶಿವರಾತ್ರಿಗೆ ಅತ್ತಿ ಸೊಸಿ ಇಬ್ರೂ ಇಂಥವೇ ಇಡಿಸಿಕೊಂಡ್ವಿ. ಮರುದಿನಾನೇ ತವರಿಗೆ ಹೋದಾಕಿ, ಒಂದು ಫೋನ್ ಇಲ್ಲ, ಏನಿಲ್ಲ. ರಾಯಚೂರು ಏನು ದೂರ? ನನ್ನ ಮಗನ ಮ್ಯಾಲಿನ ಸಿಟ್ಟು ನನ್ನ ಮ್ಯಾಲೂ ಅದ ಕಾಣ್ತದ."

ಸಿಟ್ಟಿನ ಕಾರಣ ಮೌನೇಶ್ವರಿಗೆ ಗೊತ್ತಿತ್ತು. ಮಗ ಬಸವಪ್ರಸಾದ ದೇವದುರ್ಗದ ದಾರಿಯಲ್ಲಿ ಕಾರು ಗುದ್ದಿಸಿ ಒಬ್ಬ ಕುರಿಗಾಹಿಯನ್ನು ಕೊಂದಿದ್ದ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಇಂಥಾ ಕೇಸು ಚಾಲಕ ಮೈಮೇಲೆ ಹಾಕಿಕೊಳ್ಳಬೇಕೆಂಬುದು ದೊಡ್ಡವರ ಮನೆಗಳ ಬರೆಯದ ಕಾನೂನು. ಯಲ್ಲಾಲಿಂಗ ಒಲ್ಲೆ ಅಂದ. ಅಂದ ವಾರದೊಳಗೆ ಕಾಣೆಯಾದ.

ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಯಲ್ಲಾಲಿಂಗನ ತಾಯಿ ಕನಕಮ್ಮ ಕೂತಿದ್ದಳು. ದಿನಾ ಹಿರೇಕೊಟ್ನೆಕಲ್ಲಿನಿಂದ ಮುಂಜಾನೆಯ ಬಸ್ಸಿಗೆ ಬರುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಅಳುವುದಿಲ್ಲ, ಬೈಯುವುದಿಲ್ಲ. ಮಗ ಕೊನೆಗೆ ಒಳಗೆ ಹೋದ ಬಾಗಿಲನ್ನು ನೋಡುತ್ತಾ ಕೂರುತ್ತಾಳೆ, ಅಷ್ಟೇ. ಆ ಸುಮ್ಮನೆ ಕೂರುವುದನ್ನು ನೋಡಲಾಗದೆ ಎಷ್ಟೋ ಸಲ ಮೌನೇಶ್ವರಿ ಬೇರೆ ಓಣಿಯಿಂದ ಠಾಣೆಗೆ ಹೋಗಿದ್ದಳು.

ಅವಳಿಗೆ ಇವತ್ತು ಉತ್ತರ ಕೊಡಬೇಕು. ಬದುಕಿದ್ದಾನೋ ಇಲ್ಲವೋ, ಅದೊಂದು.

ವಿರೂಪಣ್ಣ ಜಗಲಿಯ ಜೋಕಾಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಬೀಸಣಿಗೆ. ಜೋಕಾಲಿಯ ಸರಪಳಿ ಒಂದೇ ಸಮ ಕಿರುಗುಟ್ಟುತ್ತಿತ್ತು. ಮೌನೇಶ್ವರಿ ಮೆಟ್ಟಿಲೇರಿ ಅವನೆದುರು ನಿಂತಳು.

"ಸಾವಕಾರ್ರ, ಅಂಗಳದಾಗ ತೇಪಿ ಹಾಕಿಸೀರಿ. ಹೇಳಲೇ ಇಲ್ಲ."

"ನೀವು ಕೇಳಲಿಲ್ಲ. ಕಾರಿನ ಭಾರಕ್ಕ ಕುಸೀತು, ಹಾಕಿಸಿದೆ. ಮನಿ ಅಂದ ಮ್ಯಾಲ ರಿಪೇರಿ ಇರೂದೇ."

"ಡಾಂಬರ ಹಾಕಿ ವಾರ ಆಗಿರಲಿಲ್ಲ. ರೋಲರ್ ಓಡಿಸಿದ ಜಾಗ ವಾರಕ್ಕ ಕುಸೀಬೇಕಂದ್ರ ಕೆಳಗ ಮಣ್ಣು ಪೊಳ್ಳ ಇರಬೇಕು. ಯಾಕ ಪೊಳ್ಳ ಇತ್ರಿ?"

"ಇಲಿ ಬಿಲ ಇರಬೇಕು."

"ಆರಡಿ ಇಲಿ?"

ಸರಪಳಿ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ವಿರೂಪಣ್ಣ ಅಂಗಿಯೊಳಗಿಂದ ಲಿಂಗದ ಕರಡಿಗೆ ಹೊರತೆಗೆದು ಮುಷ್ಟಿಯಲ್ಲಿ ಹಿಡಿದ.

"ಲಿಂಗ ಮುಟ್ಟಿ ಹೇಳ್ತೀನಿ ಕೇಳ್ರಿ. ಯಲ್ಲಾಲಿಂಗ ಈ ಅಂಗಳದಾಗ ಇಲ್ಲ. ನಾನಾಗ್ಲಿ ನನ್ನ ಮಗನಾಗ್ಲಿ ಆ ಹುಡುಗನ ಕೂದಲು ಕೊಂಕಿಸಿಲ್ಲ. ಸುಳ್ಳಾದ್ರ ನನ್ನ ಮನಿ ಮಣ್ಣಾಗ್ಲಿ."

ಮೌನೇಶ್ವರಿ ತಬ್ಬಿಬ್ಬಾದಳು. ಈ ಮನುಷ್ಯ ಎಂಥವನೇ ಇರಲಿ, ಪೂಜೆ ತಪ್ಪಿಸಿದವನಲ್ಲ. ಗಿರಣಿಯ ಹಮಾಲರು ಕೂಡ ಹೇಳುತ್ತಾರೆ, ಸಾವಕಾರ ಬಾಯಲ್ಲಿ ನೂರು ಸುಳ್ಳು ಹೇಳಿಯಾನು, ಲಿಂಗ ಮುಟ್ಟಿ ಒಂದೂ ಹೇಳುವುದಿಲ್ಲ. ಹಾಗಿದ್ದರೆ ಕೆಳಗಿರುವುದೇನು?

"ಹಂಗಾರ ಅಗೀಲಿಕ್ಕೆ ನಿಮಗ ಅಂಜಿಕಿ ಇಲ್ಲ."

"ನನಗ್ಯಾಕ ಅಂಜಿಕಿ?" ಅವನು ಬೀಸಣಿಗೆ ಬೀಸಿಕೊಂಡ. ದನಿ ಇಳಿಸಿದ. "ತೇಪಿ ನೋಡಿದ್ರಲ್ರಿ. ಓರಿ ಅದ. ಕೈ ಯಾರದಂತ ನಿಮಗ ಹೇಳಿಕೊಡಬೇಕೇನು? ಎಷ್ಟು ದಿವಸ ನಿಮ್ಮ ಮನ್ಯಾಗ ಉಂಡದ ಆ ಕೈ."

ಅವಳು ಒಂದು ಮೆಟ್ಟಿಲು ಹಿಂದೆ ಸರಿದಳು.

"ಅಗೀರಿ, ಬ್ಯಾಡನ್ನೂದಿಲ್ಲ," ಅಂದ ವಿರೂಪಣ್ಣ. "ಮೊದಲ ಹೆಸರು ಯಾರದು ಬರೀತೀರಿ ಅನ್ನೂದಷ್ಟು ವಿಚಾರ ಮಾಡ್ರಿ. ಮುಪ್ಪಿನ ಜೀವ, ಜೇಲಿನ ಮುದ್ದಿ ಜೀರ್ಣ ಆಗೂದಿಲ್ಲ."

ಎಲ್ಲವೂ ಒಮ್ಮೆಲೆ ನೆನಪಿಗೆ ನುಗ್ಗಿತು. ಫೆಬ್ರುವರಿ ಕೊನೆಗೆ ಅಪ್ಪ ಮೂರು ದಿನ ಮನೆಯಲ್ಲಿರಲಿಲ್ಲ. ದೇವದುರ್ಗದ ಬೀಗರ ಮನೆಗೆ ಹೋಗಿದ್ದೆ ಅಂದ. ಎಡಗೈ ಸುಟ್ಟಿತ್ತು, ಚಹಾ ಚೆಲ್ಲಿತು ಅಂದ. ಅವಳೇ ಮುಲಾಮು ಹಚ್ಚಿದ್ದಳು. ಡಾಂಬರು ಸುಟ್ಟ ಗಾಯ ಹೇಗಿರುತ್ತದೆಂದು ಹುಟ್ಟಿದಾಗಿನಿಂದ ನೋಡಿದವಳು, ಆದರೂ ನಂಬಿದಳು. ಅಪ್ಪ ಸುಳ್ಳು ಹೇಳುತ್ತಾನೆಂದು ಯಾವ ಮಗಳು ಗಾಯ ಪರೀಕ್ಷೆ ಮಾಡುತ್ತಾಳೆ?

ಅಂದಿನಿಂದ ದಿನಾ ಸಂಜೆ ಅವಳು ಸಮವಸ್ತ್ರ ಬಿಚ್ಚುವ ಮೊದಲೇ ಅಪ್ಪನ ಪ್ರಶ್ನೆ: "ಯವ್ವಾ, ಆ ಹುಡುಗ ಸಿಕ್ಕನೇನು?" ದಿನಾ ಮಧ್ಯಾಹ್ನ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಇದೇ ಗೇಟಿಗೆ ಬಂದು ಕನಕಮ್ಮನಿಗೆ ಉಣ್ಣಿಸಿ ಹೋಗುತ್ತಿದ್ದ. ಮುದುಕನ ಕರುಳು ದೊಡ್ಡದು ಎಂದು ಠಾಣೆಯವರೆಲ್ಲ ಹೊಗಳಿದ್ದರು. ಅವಳು ಹೆಮ್ಮೆಯಿಂದ ಕೇಳಿಸಿಕೊಂಡಿದ್ದಳು.

ಗೇಟಿನಲ್ಲಿ ಜೆಸಿಬಿ ಗುಡುಗಿತು. ಅದರ ಹಿಂದೆ ಜೀಪಿನಿಂದ ಉಪ ತಹಸೀಲ್ದಾರ ಪ್ರಭುರಾಜ ಕರವಸ್ತ್ರದಿಂದ ಕುತ್ತಿಗೆ ಒರೆಸುತ್ತಾ ಇಳಿದರು.

"ಲಗೂ ಮುಗಿಸೋಣ ಮೇಡಂ. ಎಲ್ಲಿ, ತೋರಸ್ರಿ."

ಮೌನೇಶ್ವರಿ ತಿರುಗಿದಳು. ಅಂಗಳ ಒಣಗಿತ್ತು. ಮಾನ್ವಿಯ ಸೂರ್ಯ ನಾಲ್ಕು ಕೊಡ ನೀರನ್ನು ಕಾಲು ಗಂಟೆಯಲ್ಲಿ ಕುಡಿದು ಮುಗಿಸಿದ್ದ. ಓರೆ ತೇಪೆಯ ಒಂದು ಮೂಲೆಯಲ್ಲಿ ಅಂಗೈಯಗಲ ತೇವ ಉಳಿದಿತ್ತು. ಅವಳು ನೋಡುತ್ತಿದ್ದಂತೆ ಅದೂ ಆರಿತು. ಈಗ ಎಂಬತ್ತಡಿ ಉದ್ದಕ್ಕೂ ಒಂದೇ ಕಪ್ಪು.

ಜಾಗ ಗೊತ್ತಿದ್ದದ್ದು ಅವಳಿಗೆ. ವಿರೂಪಣ್ಣನಿಗೆ, ಗಂಡನ ಮಾತು ಮೀರದ ಶರಣಮ್ಮನಿಗೆ. ಪೇದೆ ಕೊಡ ಸುರಿದು ನೆರಳಿಗೆ ಓಡಿದ್ದ, ಅವನು ನೋಡಿರಲಿಲ್ಲ. ಕಾಂಪೌಂಡಿನ ಆಚೆಯವರಿಗೆ ಅಷ್ಟು ದೂರದಿಂದ ಅಂಚು ಕಂಡಿರಲಿಕ್ಕಿಲ್ಲ.

"ಎಲ್ಲಿ ಹಚ್ಚಲ್ರೀ ಮೇಡಂ?" ಜೆಸಿಬಿಯವನು ಕೂಗಿದ.

ಕನಕಮ್ಮ ಬೇವಿನ ಬುಡದಿಂದ ಎದ್ದು ಗೇಟಿನ ಸರಳು ಹಿಡಿದು ನಿಂತಿದ್ದಳು.

ಸಾವಕಾರ ಲಿಂಗ ಮುಟ್ಟಿ ಹೇಳಿದ್ದಾನಲ್ಲ, ಹುಡುಗ ಇಲ್ಲಿಲ್ಲ ಅಂತ. ಇಲ್ಲದ ಹುಡುಗನಿಗಾಗಿ ಅಪ್ಪನನ್ನು ಬಲಿ ಕೊಡುವುದೇ? ಮನಸ್ಸು ಎಷ್ಟು ಬೇಗ ನೆಪ ಹುಡುಕುತ್ತದೆ, ನೋಡಿ. ಎಷ್ಟೋ ಕಳ್ಳರ ಬಾಯಲ್ಲಿ ಇಂಥಾ ನೆಪ ಕೇಳಿ ಅವಳೇ ಗದರಿಸಿದ್ದಳು.

ಅವಳ ಕೈ ತಾನಾಗಿ ಎದ್ದಿತು. ಗೇಟಿನ ಪಕ್ಕದ ಗಟ್ಟಿ ಡಾಂಬರಿನ ಕಡೆ ಬೆರಳು ಮಾಡಿತು.

"ಅಲ್ಲಿ," ಅಂದಳು.

ಜಗಲಿಯಲ್ಲಿ ಸರಪಳಿಯ ಕಿರುಗು ನಿಧಾನವಾಯಿತು. ವಿರೂಪಣ್ಣ ನಗಲಿಲ್ಲ. ಮೊಮ್ಮಗುವನ್ನು ಮಲಗಿಸುವವನ ಹಾಗೆ ನೆಮ್ಮದಿಯಿಂದ ತೂಗಿಕೊಂಡ.

ಜೆಸಿಬಿಯ ಹಲ್ಲು ಮೇಲೆದ್ದಿತು.

"ಅಲ್ಲಲ್ಲವ್ವಾ."

ದನಿ ಗೇಟಿನಿಂದ ಬಂತು. ಗಡಿಗೆಪ್ಪ ನಿಂತಿದ್ದ. ತಲೆಗೆ ಟವಲು, ಕೈಯಲ್ಲಿ ಬುತ್ತಿ. ಗಂಟು ಬಿಚ್ಚಿ ರೊಟ್ಟಿಯನ್ನು ಕನಕಮ್ಮನ ಕೈಯಲ್ಲಿಟ್ಟ. ಚಪ್ಪಲಿ ಕಳಚಿದ. ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ, ಯಾವ ಗುರುತೂ ಇಲ್ಲದ ಕಪ್ಪಿನ ಮೇಲೆ, ನೇರ ನಡುವಿಗೆ ಬಂದು ನಿಂತ. ಹಿಮ್ಮಡಿಯಿಂದ ಒಂದು ಮೂಲೆ ಮುಟ್ಟಿದ, ನಡೆದು ಇನ್ನೊಂದು ಮೂಲೆ ಮುಟ್ಟಿದ.

"ಇಲ್ಲಿ. ಮಿಷನ್ ಬ್ಯಾಡಪ್ಪಾ, ಪೆಟ್ಟು ಹತ್ತತದ. ಕೈಲಿಂದ ತಗೀರಿ. ಆಳ ಇಲ್ಲ."

"ಯಪ್ಪಾ..." ಮೌನೇಶ್ವರಿ ಅಪ್ಪನ ಕಡೆ ಓಡಿ ಬಂದಳು. ಕೇಳಬಾರದ್ದನ್ನು, ಈಗ ಎಲ್ಲರೆದುರಿಗೆ ಕೇಳಲೇಬಾರದ್ದನ್ನು ಕೇಳಿಬಿಟ್ಟಳು. "ನಿನ್ನ ತೇಪಿ ಎಂದೂ ಕುಸಿದಿಲ್ಲಲ್ಲೋ ಯಪ್ಪಾ."

"ದಿಮ್ಮಸು ಹೊಡೀಲಿಲ್ಲವ್ವಾ." ಮುದುಕ ಕಾಲಕೆಳಗೆ ನೋಡುತ್ತಾ ಹೇಳಿದ. "ಮ್ಯಾಲ ಮ್ಯಾಲ ಡಾಂಬರ ಹಾಕಿ ಹೋಗು ಅಂದಿದ್ರು ಸಾವಕಾರ್ರು. ಪೊಳ್ಳಿನ ಮ್ಯಾಲ ನಾ ಹೆಂಗ ಹಾಕಲಿ? ತಳದ ತನಕ ತೋಡಬೇಕಂತ ಹಾರಿ ತಗೊಂಡು ಅಗದೆ. ಎರಡು ಗೇಣಿಗೆ ಕೈ ಕಾಣಿಸ್ತು. ಮಣ್ಣು ಎಳದೆ. ಬಾಯಿ ಬಿಟ್ರ ಮಗಳ ನೌಕರಿ ಉಳಿಯೂದಿಲ್ಲ, ಜೀವಾನೂ ಉಳಿಯೂದಿಲ್ಲ ಅಂದ್ರು. ಅಂಜಿದೆ. ಆದ್ರ ಆ ಕೈ ಮ್ಯಾಲ ದಿಮ್ಮಸು ಎತ್ತಲಿಕ್ಕೆ ನನ್ನಿಂದ ಆಗಲಿಲ್ಲವ್ವಾ. ಮೂವತ್ತು ವರ್ಷದಾಗ ಇದೊಂದೇ ತೇಪಿ ನಾ ಕೆಟ್ಟದಾಗಿ ಹಾಕಿದ್ದು."

ಕನಕಮ್ಮ ಯಾವಾಗ ಒಳಗೆ ಬಂದಳೋ, ಮುದುಕನೆದುರು ನಿಂತಿದ್ದಳು.

"ಯಣ್ಣಾ, ದಿನಾ ರೊಟ್ಟಿ ತಿನಸಿದಿ. ನನ್ನ ಮಗನ ಕೈಯೇನು ಅದು?"

ಗಡಿಗೆಪ್ಪ ತಲೆ ಎತ್ತಿದ. "ಅಲ್ಲ ತಂಗಿ. ನಿನ್ನ ಮಗಂದಾಗಿದ್ರ ಅವತ್ತೇ ನಿನ್ನ ಕಾಲಿಗೆ ಬೀಳ್ತಿದ್ದೆ. ಹೆಣ್ಣಿನ ಕೈ ಅದು." ಅವನು ಸುತ್ತ ನೋಡಿ, ತಂಬಿಗೆ ಹಿಡಿದು ನಿಂತ ಶರಣಮ್ಮನ ಕಡೆ ಬೆರಳು ತೋರಿದ. "ಈ ತಾಯಿ ಕೈಯಾಗ ಅದಾವಲ್ಲ ಹಸರ ಬಳಿ, ಬಂಗಾರದ ಚುಕ್ಕಿವು. ಅಂಥವೇ ಇದ್ವು."

ಶರಣಮ್ಮ ತನ್ನ ಕೈ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ತವರ ಮನಿ ಬಾಗಿಲಿಗೆ ನಾನೇ ಬಿಟ್ಟು ಬಂದೀನಿ ಅಂದಿದ್ರಲ್ರಿ."

ವಿರೂಪಣ್ಣ ಹೆಂಡತಿಯ ಮುಖ ನೋಡಲಿಲ್ಲ. ಜೋಕಾಲಿಯಿಂದ ಎದ್ದು ಮೆಟ್ಟಿಲ ತುದಿಗೆ ಬಂದ. ದನಿ ಸ್ವಲ್ಪವೂ ನಡುಗಲಿಲ್ಲ.

"ಮೊದಲಿಂದ ಹೇಳಾಕತ್ತೀನಿ ಮೇಡಂ, ಆ ಹುಡುಗ ಇಲ್ಲಿಲ್ಲ ಅಂತ. ಮನಿ ಮರ್ಯಾದಿ ಅಂತ ಬಾಯಿ ಮುಚಗೊಂಡಿದ್ದೆ. ಈಗ ಕೇಳ್ರಿ ಅವನವ್ವನ್ನ. ನಮ್ಮ ಸೊಸಿ ಸತ್ತ ದಿನಾನೇ ಅವ ಯಾಕ ಓಡಿ ಹೋದ?"

ಎಲ್ಲರ ಕಣ್ಣೂ ಕನಕಮ್ಮನ ಮೇಲೆ ತಿರುಗಿದವು. ಎಂಬತ್ತೇಳು ದಿನ ಮಗನ ಜೀವವೊಂದನ್ನು ಬೇಡಿ ಈ ಗೇಟಿನಲ್ಲಿ ಕೂತವಳು, ಬದುಕಿದ್ದರೆ ಅವನೇ ಕೊಲೆಗಾರ ಎನಿಸಿಕೊಳ್ಳುವ ಈ ಗಳಿಗೆಯಲ್ಲಿ ಏನು ಬೇಡಬೇಕೆಂದು ತಿಳಿಯದೆ ರೊಟ್ಟಿಯನ್ನು ಹಿಡಿದೇ ನಿಂತಿದ್ದಳು.